ಹೊಳೆಯಂಚಿನ ಮನೆ, ಬೆಟ್ಟದ ನೀರು

ಬೆಂಗಳೂರಿನ ನೆಂಟರು ಶಿರಸಿ ಕಡೆ ಜಾಗ ಹುಡುಕಲು ಬಂದರೆ ಮೊದಲು ಹೇಳುವ ಮಾತು ಇದು: “ಹೊಳೆ ಪಕ್ಕದಲ್ಲೇ ಇರಬೇಕು, ಕಿಟಕಿ ತೆಗೆದರೆ ನೀರು ಕಾಣಬೇಕು.” ಶಿರಸಿ, ಸಿದ್ದಾಪುರ, ಯಲ್ಲಾಪುರದ ನಾವೆಲ್ಲ ಹಾಗೇ ಬದುಕುತ್ತೇವೆಂದು ಅವರ ನಂಬಿಕೆ. ಅಘನಾಶಿನಿ ಹುಟ್ಟುವ ಸೀಮೆ, ಶಾಲ್ಮಲೆ, ಬೇಡ್ತಿ ಹರಿಯುವ ಸೀಮೆ, ನೀರಿಗೇನು ಬರ ಎಂದುಕೊಳ್ಳುತ್ತಾರೆ. ಇಂಥ ನಂಬಿಕೆಗಳಲ್ಲಿ ಕೆಲವು ಬರೀ ತಪ್ಪು. ಒಂದೆರಡು ಜೀವಕ್ಕೇ ಎರವಾಗುವಂಥವು.

ಮೊದಲು ಮನೆಯ ವಿಷಯ. ಇಲ್ಲಿಯ ಯಾವ ಹಳೇ ಕೇರಿಗೆ ಹೋದರೂ ಮನೆ ಹೊಳೆಗೆ ತಾಗಿಕೊಂಡಿಲ್ಲ. ಮೇಲೆ ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಬೆಟ್ಟದ ಬುಡದಲ್ಲಿ ಮನೆ, ಅಂಗಳದಿಂದ ಇಳಿದರೆ ಅಡಿಕೆ ತೋಟ, ತೋಟದ ಕೊನೆಯಲ್ಲಿ ಹಳ್ಳ. ಮನೆಗೂ ಹಳ್ಳಕ್ಕೂ ನಡುವೆ ಒಂದು ತೋಟದಷ್ಟು ಅಂತರವನ್ನು ಹಿರಿಯರು ತಿಳಿದೇ ಬಿಟ್ಟಿದ್ದರು. ಆಷಾಢದಲ್ಲಿ ಹಳ್ಳ ಕೆಳಗಿನ ಬರಣಕ್ಕೆ, ಅಂದರೆ ಅಡಿಕೆ ಸಾಲಿನ ಪಟ್ಟಿಗೆ ನುಗ್ಗಿ, ಮಣ್ಣು ಬಿಟ್ಟು, ಇಳಿದು ಹೋಗುತ್ತದೆ, ಜಗಲಿಗೆ ಬರುವುದಿಲ್ಲ. ನೀರಿನ ಪಕ್ಕ ಇದೆಯೆಂದು ಅಡಿಕೆಗೆ ನಿಂತ ನೀರು ಇಷ್ಟ ಎಂದೂ ತಿಳಿಯಬೇಡಿ. ನೀರು ನಿಂತರೆ ಬೇರು ಕೊಳೆಯುತ್ತದೆ. ಸಾಲುಗಳ ನಡುವೆ ಕಾದಿಗೆ ತೋಡಿ, ಅದರ ಹೂಳು ತೆಗೆಯುತ್ತಲೇ ಇರುವುದು ನೀರನ್ನು ಹೊರಗೆ ಹಾಕಲಿಕ್ಕೆ.

ಹೊಳೆಯಂಚಿನವರು ಹೊಳೆ ನೀರು ಕುಡಿಯುತ್ತಾರೆ ಎಂಬುದು ಇನ್ನೊಂದು ನಂಬಿಕೆ. ನಮ್ಮಲ್ಲಿ ಅನೇಕ ಮನೆಗಳಿಗೆ ನೀರು ಬರುವುದು ಮೇಲಿನಿಂದ. ಬೆಟ್ಟದ ಸಂದಿಯ ಒರತೆಯನ್ನು ಸೀಳಿದ ಅಡಿಕೆ ದಬ್ಬೆಯಲ್ಲಿ ಹಿತ್ತಿಲಿಗೆ ಹರಿಸಿಕೊಂಡ ಅಬ್ಬಿ ನೀರು ಅದು. ಮೋಟರು ಬೇಡ, ಕರೆಂಟು ಬೇಡ. ಈಗ ದಬ್ಬೆಯ ಜಾಗಕ್ಕೆ ಕರೀ ಪೈಪು ಬಂದಿದೆ, ಇಳಿಜಾರು ಅದೇ. ನಮ್ಮ ಮನೆಯಲ್ಲಿ ಬಚ್ಚಲ ಹಂಡೆಗೆ ಹಗಲೂ ರಾತ್ರಿ ಬೀಳುತ್ತಿದ್ದ ಆ ನೀರಿನ ಸದ್ದು ನಿಂತರೆ ಆಯಿ ನಿದ್ದೆಯಿಂದ ಏಳುತ್ತಿದ್ದಳು. ಎಲ್ಲೋ ಎಲೆ ಸಿಕ್ಕಿಕೊಂಡಿದೆ ಎಂದು ಬೆಳಗಾಗುವ ಮೊದಲೇ ಯಾರಾದರೂ ಬೆಟ್ಟ ಹತ್ತಬೇಕು.

ಹಾಗಾದರೆ ಶಿರಸಿಯಲ್ಲಿ ಬೇಸಿಗೆಗೂ ನೀರಿನ ಚಿಂತೆ ಇಲ್ಲವೇ? ಇದೆ. ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ, ಬೆಂಗಳೂರಿನ ಎರಡೂವರೆ ಪಟ್ಟು. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಚಿರೆಕಲ್ಲಿನ ನೆಲ ತೂತು ತೂತು. ಕುಡಿದಷ್ಟೇ ಬೇಗ ಬಸಿದು ಬಿಡುತ್ತದೆ. ಏಪ್ರಿಲ್ ಹೊತ್ತಿಗೆ ಬಾವಿಯ ತಳದಲ್ಲಿ ಕೊಡ ಕಲ್ಲಿಗೆ ತಾಗುವ ಸದ್ದು. ನೀರನ್ನು ಹಿಡಿದಿಡುವುದು ಹೊಳೆಯಲ್ಲ, ಬೆಟ್ಟದ ಮೇಲಿನ ಮರ, ದರಕು (ಉದುರಿದ ಒಣ ಎಲೆ), ಬೇರು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಎಂಬ ಹಳೇ ವ್ಯವಸ್ಥೆಯನ್ನು ಜನ ಗೊಬ್ಬರದ ಲೆಕ್ಕವೆಂದಷ್ಟೇ ನೋಡುತ್ತಾರೆ. ನನ್ನ ಕಣ್ಣಿಗೆ ಅದು ನೀರಿನ ಲೆಕ್ಕವೂ ಹೌದು. ಬೆಟ್ಟ ಬೋಳಾದ ಕಡೆ ಮೊದಲು ನಿಲ್ಲುವುದು ಅಬ್ಬಿ, ಆಮೇಲೆ ಬಾವಿ.

“ಇಷ್ಟು ಹೊಳೆ ಇದ್ದೂ ನಿಮ್ಮಲ್ಲಿ ದೋಣಿ ಯಾಕಿಲ್ಲ?” ಎಂದು ಕೇಳುವವರಿದ್ದಾರೆ. ಘಟ್ಟದ ಮೇಲಿನ ಹೊಳೆ ಹರಿಯುವುದಕ್ಕಿಂತ ಹಾರುವುದೇ ಹೆಚ್ಚು. ಶರಾವತಿ ಜೋಗದಲ್ಲಿ 253 ಮೀಟರ್, ಅಘನಾಶಿನಿ ಉಂಚಳ್ಳಿಯಲ್ಲಿ 116 ಮೀಟರ್ ಬೀಳುತ್ತದೆ. ಬೇಡ್ತಿಗೆ ಮಾಗೋಡು ಇದೆ. ಹುಟ್ಟು ಹಾಕುವ ಬದುಕು ಶುರುವಾಗುವುದು ಘಟ್ಟ ಇಳಿದ ಮೇಲೆ. ನಮ್ಮದು ಸಂಕದ ಸೀಮೆ: ಎರಡು ಅಡಿಕೆ ಮರ ಅಡ್ಡ ಹಾಕಿ, ಹಿಡಿಯಲು ಬಿದಿರು ಕಟ್ಟಿದರೆ ಮಕ್ಕಳು ಶಾಲೆಗೆ ಹೋದರು ಎಂದೇ ಲೆಕ್ಕ.

ದೋಣಿ, ಲಾಂಚು ಬಂದದ್ದು ಅಣೆಕಟ್ಟಿನ ಹಿನ್ನೀರಿನಲ್ಲಿ. ಯಲ್ಲಾಪುರದ ಸಾತೊಡ್ಡಿ ಜಲಪಾತದ ನೀರು ಸೇರುವ ಕೊಡಸಳ್ಳಿ ಹಿನ್ನೀರು, ಸಿದ್ದಾಪುರದ ನೆರೆಯ ಸಾಗರದ ಲಿಂಗನಮಕ್ಕಿ ಹಿನ್ನೀರು ಫೋಟೋದಲ್ಲಿ ಸರೋವರದಂತೆ ಕಾಣುತ್ತವೆ. ಆದರೆ ಹಿನ್ನೀರಿಗೆ ನಿಶ್ಚಿತ ದಡವಿಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ತುಂಬುವುದು 1,819 ಅಡಿಗೆ. ಕೆಲವು ಬೇಸಿಗೆಗಳಲ್ಲಿ ನೀರು ಎಷ್ಟು ಹಿಂದೆ ಸರಿಯುತ್ತದೆಂದರೆ ಅದರೊಳಗೆ ಮುಳುಗಿದ ಹಳೇ ಹಿರೇಭಾಸ್ಕರ ಅಣೆಕಟ್ಟೇ ಎದ್ದು ನಿಲ್ಲುತ್ತದೆ. ಈ ಹಿನ್ನೀರಿನ ಆಚೆಯ ಸಿಗಂದೂರಿಗೆ ಲಾಂಚಿನಲ್ಲಿ ದಾಟುವುದು ಪ್ರವಾಸಿಗರಿಗೆ ಮೋಜಾಗಿತ್ತು. ಆಚೆ ದಡದ ಊರವರಿಗೆ ಅದು ಹೆರಿಗೆ ನೋವಿನ ರಾತ್ರಿಯೂ ಆಗಿತ್ತು. 2025ರ ಜುಲೈ 14ರಂದು ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆದಾಗ ಅವರು ಅತ್ತದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಇನ್ನು ನೆರೆ. ನೀರು ಏರಿತೆಂದರೆ “ಡ್ಯಾಮಿನ ಬಾಗಿಲು ತೆಗೆದರು” ಎಂಬ ಮಾತು ಎಲ್ಲ ಕಡೆ. ಕಾಳಿ ನದಿಗೆ, ಶರಾವತಿಗೆ ಈ ಮಾತು ಸಲ್ಲಬಹುದು. ಅಘನಾಶಿನಿಗೂ ಬೇಡ್ತಿಗೂ ದೊಡ್ಡ ಅಣೆಕಟ್ಟೇ ಇಲ್ಲ. ಬೇಡ್ತಿಯ ಜಲವಿದ್ಯುತ್ ಯೋಜನೆಯನ್ನು ಈ ಸೀಮೆಯ ಜನ ಎದುರಿಸಿ ನಿಂತದ್ದರಿಂದ 1980ರ ದಶಕದಲ್ಲೇ ಅದು ಬದಿಗೆ ಸರಿಯಿತು. ಆದರೂ 2021ರ ಜುಲೈಯಲ್ಲಿ ಯಲ್ಲಾಪುರದ ಗುಳ್ಳಾಪುರದ ಸೇತುವೆಯನ್ನು ಗಂಗಾವಳಿ ಕೊಚ್ಚಿಕೊಂಡು ಹೋಯಿತು. ಬೇಡ್ತಿಯೇ ಕೆಳಗೆ ಗಂಗಾವಳಿ. ಅದಕ್ಕೆ ಧಾರವಾಡ, ಕಲಘಟಗಿ ಕಡೆಯ ನೀರೂ ಬಂದು ಸೇರುತ್ತದೆ. ನಿಮ್ಮ ಅಂಗಳದಲ್ಲಿ ಬಿಸಿಲಿದ್ದರೂ ಹೊಳೆ ಏರಬಹುದು.

ಎತ್ತರದಲ್ಲಿದ್ದರೆ ಪೂರಾ ಸುರಕ್ಷಿತ ಎಂದೂ ಅಲ್ಲ. ಅದೇ ಜುಲೈಯಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡವೇ ಕುಸಿದು ತೋಟಗಳು ಜಾರಿದವು. ಮಳೆಗಾಲದಲ್ಲಿ ಮನೆಯ ಹಿಂದಿನ ದರೆ ಬಿರುಕು ಬಿಟ್ಟರೆ, ಎಂದೂ ಇಲ್ಲದ ಕಡೆ ಕೆಸರು ನೀರು ಉಕ್ಕಿದರೆ ಸಾಮಾನು ಕಟ್ಟುತ್ತ ಕೂರಬಾರದು, ಹೊರಟುಬಿಡಬೇಕು.

ಪ್ರವಾಸಿಗರು ಜೀವ ಕಳೆದುಕೊಳ್ಳುವುದು ಮಾತ್ರ ಅಬ್ಬರದ ನೀರಿಗಿಂತ ತಣ್ಣಗಿನ ನೀರಿಗೆ ಮೋಸ ಹೋಗಿ. ಅಲುಗದ ಮಡುವೇ ಆಳ. ಅದರ ಒಳಗೆ ಕೊರೆದ ಬಂಡೆಯ ಗುಂಡಿ, ಪಾಚಿ. ಮೇಲೆಲ್ಲೋ ಮಳೆಯಾದರೆ ತಿಳಿನೀರಿನ ಬಣ್ಣ ಮೊದಲು ಬದಲಾಗುತ್ತದೆ, ದರಕು ಕಡ್ಡಿ ತೇಲಿ ಬರುತ್ತವೆ.

ನಾನು ಹತ್ತು ವರ್ಷದವನಿದ್ದಾಗ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದೆ. ನಮ್ಮಲ್ಲಿ ಹನಿ ಮಳೆ ಇರಲಿಲ್ಲ. ಆಯಿ ತೋಟದ ಅಂಚಿನಿಂದ ಕೂಗಿದಳು: “ನೀರು ಕೆಂಪಾಯ್ದು ತಮಾ, ಮೇಲೆ ಬಾ.” ಬಗ್ಗಿ ನೋಡಿದರೆ ನೀರಿನ ಒಂದು ಬದಿಯಲ್ಲಿ ಮಾತ್ರ ಚಹದಷ್ಟು ಕೆಂಪು ಗೆರೆ. ಸುಮ್ಮನೆ ಎದ್ದು ಬಂದೆ. ಕಾದಿಗೆ ದಾಟಿ, ಮೂರನೇ ಬರಣದಲ್ಲಿ ನಿಂತು ತಿರುಗಿ ನೋಡುವಷ್ಟರಲ್ಲಿ ಆ ಕಲ್ಲು ಕಾಣುತ್ತಿರಲಿಲ್ಲ.