ಕಾಣದುದನ್ನು ತೂಗುವ ಬೆಳಕು

ಕಣ್ಣಿಗೆ ಕಾಣದುದನ್ನು ತೂಗುವುದೆಂತು?

ಭಾಗಮಂಡಲದ ಸಂಗಮದಲ್ಲಿ ನಿಂತರೆ
ಕಾವೇರಿಯೂ ಕನ್ನಿಕೆಯೂ ನಿಮಗೆ ಕಾಣುತ್ತವೆ;
ಮೂರನೆಯವಳಾದ ಸುಜ್ಯೋತಿಯು
ಗುಪ್ತಗಾಮಿನಿಯೆಂಬುದು ಭಕ್ತರ ನಂಬಿಕೆ.

ವಿಶ್ವದಲ್ಲಿಯೂ ಅಂತಹ ಗುಪ್ತಗಾಮಿನಿಯೊಂದುಂಟು:
ಕಾಣುವ ದ್ರವ್ಯಕ್ಕಿಂತ ಸುಮಾರು 5 ಪಟ್ಟು ಅಧಿಕವಾದ
ಕೃಷ್ಣದ್ರವ್ಯ, ಅಂದರೆ ಡಾರ್ಕ್ ಮ್ಯಾಟರ್.
ಆದರೆ ವಿಜ್ಞಾನಕ್ಕೆ ನಂಬಿಕೆ ಸಾಲದು, ಸಾಕ್ಷ್ಯ ಬೇಕು.

ಆ ಸಾಕ್ಷ್ಯವನ್ನು ನುಡಿಯುವುದು ಬೆಳಕು.
ದೂರದ ಕ್ವೇಸಾರ್ ಎಂಬ ಉಜ್ವಲ ಜ್ಯೋತಿಯಿಂದ ಹೊರಟ ಕಿರಣಗಳು,
ನಡುವಣ ಗೆಲಾಕ್ಸಿಯ ಗುರುತ್ವಕ್ಕೆ ಸಿಲುಕಿ,
ಬಾಗಿ, ಬೇರೆ ಬೇರೆ ದಾರಿ ಹಿಡಿದು,
ಒಂದೇ ಜ್ಯೋತಿಯನ್ನು ಎರಡಾಗಿ, ನಾಲ್ಕಾಗಿ ತೋರುತ್ತವೆ.
ಇದೇ ಗುರುತ್ವ ಮಸೂರ.
ಬಾಗಿನಿಂದ ತಿಳಿದ ಒಟ್ಟು ತೂಕದಲ್ಲಿ
ನಕ್ಷತ್ರಗಳ, ಅನಿಲದ ಪಾಲನ್ನು ಕಳೆದರೆ
ಉಳಿಯುವುದೇ ಕೃಷ್ಣದ್ರವ್ಯ.

ಗೆಲಾಕ್ಸಿಯೂ ಅದರ ಸುತ್ತಣ ಗೆಲಾಕ್ಸಿಗಳ ಸಮೂಹವೂ ಕೂಡಿ
ಈ ಬಿಂಬಗಳನ್ನು ರಚಿಸುವ ಬಗೆಯನ್ನು,
ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ
ರಾಜಾರಾಂ ನಿತ್ಯಾನಂದರು,
ರಮೇಶ್ ನಾರಾಯಣ್, ರೋಜರ್ ಬ್ಲಾಂಡ್‌ಫರ್ಡರೊಡನೆ,
1984ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವೇಚಿಸಿದರು.

ಇನ್ನು ಗುರುತ್ವದ ಪರೀಕ್ಷೆ.
ನಕ್ಷತ್ರಗಳ ವೇಗದಿಂದ ತಿಳಿದ ತೂಕವೂ
ಬೆಳಕಿನ ಬಾಗಿನಿಂದ ತಿಳಿದ ತೂಕವೂ
ಒಂದಾದರೆ ಐನ್‌ಸ್ಟೈನರ ಸಿದ್ಧಾಂತ ಗೆದ್ದಿತು;
ಬೇರೆಯಾದರೆ ಹೊಸತೊಂದು ಬೇಕಾದೀತು.
2018ರಲ್ಲಿ ಸಮೀಪದ ಗೆಲಾಕ್ಸಿಯೊಂದನ್ನು ಹೀಗೆ ತೂಗಿದಾಗ,
ಅಳತೆಯ ಮಿತಿಯೊಳಗೆ,
ಐನ್‌ಸ್ಟೈನರೇ ಗೆದ್ದರು.