ಪಿಂಪ್ರಿಯ ಮಣ್ಣು, ನಂತೂರಿನ ಮುಲಾಮು

ಆಟಿಯ ಮಳೆಯಲ್ಲಿ ನಂತೂರು ವೃತ್ತ ದಾಟುವ ಬೈಕಿನವರ ಪಾಡು ಒಂದೇ. ರೈನ್‌ಕೋಟಿನ ಹೊರಗೆ ನೀರು, ಒಳಗೆ ಬೆವರು. ಹಗ್ಗದ ಮೇಲೆ ಮೂರು ದಿನವಾದರೂ ಜೀನ್ಸಿನ ಸೊಂಟಪಟ್ಟಿ ಒಣಗುವುದಿಲ್ಲ. ಅರೆಒದ್ದೆಯನ್ನೇ ಹಾಕಿಕೊಂಡು ಹೊರಡುತ್ತೇವೆ. ಕಳೆದ ಮಳೆಗಾಲದಲ್ಲಿ ನನ್ನ ಸೊಂಟದಲ್ಲಿ, ಸರಿಯಾಗಿ ಆ ಪಟ್ಟಿ ಕೂರುವ ಜಾಗದಲ್ಲಿ, ರೂಪಾಯಿ ಅಗಲದ ಕೆಂಪು ಉಂಗುರ ಎದ್ದಿತು. ಅಂಚು ಉಬ್ಬಿತ್ತು, ನಡು ಮಾಸಲು. ಗಜಕರ್ಣ.

ಮೆಡಿಕಲ್‌ನವರು ನೋಡದೆಯೇ ಟ್ಯೂಬ್ ಕೊಟ್ಟರು. "ಎರಡು ದಿನ ಹಚ್ಚಿ ಮಾರಾಯ್ರೆ, ತುರಿಕೆ ನಿಲ್ತದೆ." ನಿಂತಿತು ಕೂಡ. ಮೂರನೇ ವಾರ ಅಂಗೈ ಅಗಲವಾಗಿ ಮರಳಿತು. ಈ ಸಲ ಉಂಗುರದೊಳಗೆ ಇನ್ನೊಂದು ಉಂಗುರ. ಆಗ ಕನ್ನಡಕ ಹಾಕಿ ಟ್ಯೂಬಿನ ಇರುವೆಯಕ್ಷರ ಓದಿದೆ. ಶಿಲೀಂಧ್ರಕ್ಕೊಂದು ಮದ್ದು, ಬ್ಯಾಕ್ಟೀರಿಯಾಕ್ಕೊಂದು, ಜೊತೆಗೆ ಕ್ಲೋಬೆಟಸಾಲ್ ಎಂಬ ಜಬರದಸ್ತು ಸ್ಟಿರಾಯ್ಡ್. ತುರಿಕೆ ನಿಲ್ಲಿಸಿದ್ದು ಈ ಮೂರನೆಯದು. ಅದು ಶಿಲೀಂಧ್ರವನ್ನು ಮುಟ್ಟುವುದಿಲ್ಲ, ಚರ್ಮದ ಕಾವಲುಗಾರನನ್ನು ಮಲಗಿಸುತ್ತದೆ. ಕಳ್ಳನಿಗೆ ಅಷ್ಟು ಸಾಕು.

ಈ ಕೋಪದಲ್ಲಿ ಶಿಲೀಂಧ್ರದ ಮದ್ದುಗಳ ಜಾತಕ ಹುಡುಕಹೊರಟವನಿಗೆ ಸಿಕ್ಕಿದ್ದು ಪುಣೆ ಪಕ್ಕದ ಪಿಂಪ್ರಿ. 1954ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಅಲ್ಲಿ ಸರ್ಕಾರಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಹುಟ್ಟಿತು. ಪೆನಿಸಿಲಿನ್ ತಯಾರಿಸುವುದೇ ಅದರ ಮುಖ್ಯ ಕಸುಬು. ಸಂಶೋಧನೆಯ ಹೊಣೆ ಹೊತ್ತವರು ಎಂ.ಜೆ. ತಿರುಮಲಾಚಾರ್, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಮಾಡಿದ್ದವರು. ಮೂಲತಃ ಗಿಡಗಳ ತುಕ್ಕುರೋಗದ ಪಂಡಿತರು. ಎಲೆಯ ಮೇಲಿನ ಶಿಲೀಂಧ್ರ ನೋಡಿ ಪಳಗಿದ ಕಣ್ಣು ಮನುಷ್ಯರ ಶಿಲೀಂಧ್ರದತ್ತ ಹೊರಳಿದ್ದು ಹಾಗೆ.

ಮದ್ದು ಹುಡುಕುತ್ತಿದ್ದದ್ದು ಮಣ್ಣಿನಲ್ಲಿ. ಮೊದಲ ಮಳೆ ಬಿದ್ದಾಗ ಘಮ್ಮೆಂದು ಏಳುವ ಮಣ್ಣಿನ ವಾಸನೆಯಲ್ಲಿ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಗಳ ದೊಡ್ಡ ಪಾಲಿದೆ. ಮಣ್ಣನ್ನು ನೀರಿನಲ್ಲಿ ಕದಡಿ ಗಾಜಿನ ತಟ್ಟೆಯ ಮೇಲೆ ಬೆಳೆಸಿದರೆ ಸುಣ್ಣದ ಪುಡಿ ಉದುರಿಸಿದಂತೆ ಅವು ಮೂಡುತ್ತವೆ. ಅದೇ ತಟ್ಟೆಯಲ್ಲಿ ಶಿಲೀಂಧ್ರವನ್ನೂ ಬಿತ್ತಬೇಕು. ಯಾವ ಚುಕ್ಕೆಯ ಸುತ್ತ ಶಿಲೀಂಧ್ರ ಹತ್ತಿರ ಸುಳಿಯದೆ ಖಾಲಿ ವೃತ್ತ ಉಳಿಯುತ್ತದೋ, ಮದ್ದು ಇರುವುದು ಅಲ್ಲಿ. ನ್ಯೂಯಾರ್ಕ್ ರಾಜ್ಯದ ಪ್ರಯೋಗಾಲಯಗಳ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಹೆಂಗಸರು ಅಂಚೆಯಲ್ಲಿ ಮಾದರಿ ಕಳಿಸಿಕೊಳ್ಳುತ್ತಾ 1950ರ ಹೊತ್ತಿಗೆ ಒಂದನ್ನು ಹಿಡಿದು, ತಮ್ಮ ರಾಜ್ಯದ ನೆನಪಿಗೆ ನಿಸ್ಟಾಟಿನ್ ಎಂದು ಹೆಸರಿಟ್ಟಿದ್ದರು.

ಪಿಂಪ್ರಿಯವರೂ ಊರನ್ನು ಬಿಟ್ಟುಕೊಡಲಿಲ್ಲ. ತಮ್ಮ ಕಾಲಡಿಯ ಮಣ್ಣಲ್ಲಿ ಸಿಕ್ಕ ಜೀವಿಗೆ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂದೇ ನಾಮಕರಣ ಮಾಡಿದರು. ಅದರಿಂದ ತೆಗೆದ ಮದ್ದು ಹಾಮೈಸಿನ್; ಹೆಸರಿನ ತಲೆಯಲ್ಲಿ ಕಾರ್ಖಾನೆಯ ಎರಡು ಇಂಗ್ಲಿಷ್ ಮೊದಲಕ್ಷರ ಕೂತಿವೆ. 1961ರಲ್ಲಿ ತಿರುಮಲಾಚಾರ್ ಮತ್ತು ಸಂಗಡಿಗರು ಅದನ್ನು ಪ್ರಕಟಿಸಿದರು. ಕೂಸುಗಳ ಬಾಯಲ್ಲಿ ಬೆಳ್ಳಗೆ ಕೂರುವ ಅಗ್ರಕ್ಕೆ ಅದನ್ನು ಹಚ್ಚಿದರು. ದೇಹದೊಳಗೆ ಹಬ್ಬಿದ ಸೋಂಕಿಗೂ ಆಗುತ್ತದೆಯೇ ಎಂದು ಅಮೆರಿಕದಲ್ಲೂ ಕೊಟ್ಟು ನೋಡಿದರು. ನುಂಗಿದರೆ ರಕ್ತಕ್ಕೆ ಇಳಿಯುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ ಎಂಬುದು ಅದರ ದೋಷ. ಪಿಂಪ್ರಿಯಿಂದ ಬೆಳೆಗಳ ಶಿಲೀಂಧ್ರಕ್ಕೆ ಆರಿಯೋಫಂಜಿನ್ ಕೂಡ ಬಂತು. ಮುಂದೆ ತಿರುಮಲಾಚಾರ್ ಕ್ಯಾಲಿಫೋರ್ನಿಯಾ ಸೇರಿ ಆಲೂಗಡ್ಡೆ ಬೀಜದ ಬೆನ್ನುಹತ್ತಿದರು.

ಶಿಲೀಂಧ್ರವನ್ನು ಕೊಲ್ಲುವುದು ಯಾಕೆ ಕಷ್ಟವೆಂದರೆ, ಬ್ಯಾಕ್ಟೀರಿಯಾಕ್ಕಿಂತ ಅದು ನಮಗೇ ಹತ್ತಿರದ ನೆಂಟ. ಅದಕ್ಕೆ ಹಾಕಿದ ವಿಷ ನಮಗೂ ತಾಗಬಹುದು. ಒಂದು ವ್ಯತ್ಯಾಸ ಮಾತ್ರ ಉಪಯೋಗಕ್ಕೆ ಬರುತ್ತದೆ: ನಮ್ಮ ಜೀವಕೋಶದ ಪೊರೆಯಲ್ಲಿ ಕೊಲೆಸ್ಟರಾಲ್, ಅದರದ್ದರಲ್ಲಿ ದಾಯಾದಿ ಎರ್ಗೋಸ್ಟೆರಾಲ್. ಹಾಮೈಸಿನ್, ನಿಸ್ಟಾಟಿನ್, ಆಂಫೊಟೆರಿಸಿನ್ ಈ ಎರ್ಗೋಸ್ಟೆರಾಲಿಗೆ ಅಂಟಿಕೊಂಡು ಪೊರೆಯನ್ನು ಸೋರಿಸುತ್ತವೆ. ಮುರಕಲ್ಲ ಗೋಡೆಯ ಗಾರೆ ಕಿತ್ತಂತೆ. ಕ್ಲೋಟ್ರಿಮಜೋಲ್, ಫ್ಲುಕೊನಜೋಲ್, ಇಟ್ರಕೊನಜೋಲ್ ಮತ್ತು ಟರ್ಬಿನಾಫಿನ್ ಗೋಡೆಗೆ ಕೈಹಾಕುವುದಿಲ್ಲ. ಗಾರೆ ಕಲಸುವ ಕೆಲಸವನ್ನೇ ಬೇರೆಬೇರೆ ಹಂತದಲ್ಲಿ ತಡೆಯುತ್ತವೆ. ದಾಯಾದಿಗಳ ಮುಖ ಒಂದೇ ಥರ ಇರುವುದರಿಂದ ಆಂಫೊಟೆರಿಸಿನ್ ನಮ್ಮ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. 2021ರಲ್ಲಿ ಕಪ್ಪು ಶಿಲೀಂಧ್ರ ಬಂದಾಗ ಜನ ಇದೇ ಆಂಫೊಟೆರಿಸಿನ್‌ನ ಸೀಸೆಗಾಗಿ ಊರೂರು ಅಲೆದರು. ಹಾಮೈಸಿನ್ ಅದರ ಸ್ವಂತ ತಮ್ಮ ಎಂಬುದು ಆಗ ಯಾರ ಬಾಯಲ್ಲೂ ಬರಲಿಲ್ಲ.

ಈಗ ಅಂಗಡಿಗಳನ್ನು ಆಳುತ್ತಿರುವುದು ಬೆರಕೆ ಮುಲಾಮು. 2018ರಲ್ಲಿ ಕೇಂದ್ರ ಸರ್ಕಾರ 328 ಬೆರಕೆ ಔಷಧಗಳನ್ನು ನಿಷೇಧಿಸಿತು, ಇಂಥ ಕ್ರೀಮುಗಳೂ ಆ ಪಟ್ಟಿಯಲ್ಲಿದ್ದವು. ಅದೇ ವರ್ಷ ಹಲವು ಸ್ಟಿರಾಯ್ಡ್ ಮುಲಾಮುಗಳಿಗೆ ವೈದ್ಯರ ಚೀಟಿ ಕಡ್ಡಾಯವಾಯಿತು. ಅಷ್ಟರೊಳಗೆ ಟರ್ಬಿನಾಫಿನ್‌ಗೆ ಬಗ್ಗದ ಗಜಕರ್ಣ ದೇಶ ತುಂಬಿತ್ತು. 2020ರಲ್ಲಿ ಜಪಾನಿನ ಸಂಶೋಧಕರು ಆ ಶಿಲೀಂಧ್ರಕ್ಕೆ ಇಟ್ಟ ಹೆಸರು ಟ್ರೈಕೊಫೈಟಾನ್ ಇಂಡೊಟಿನಿಯೆ. ಅರುವತ್ತು ವರ್ಷದ ಹಿಂದೆ ಮದ್ದಿನ ಜೀವಿಗೆ ನಮ್ಮ ಊರಿನ ಹೆಸರು, ಈಗ ರೋಗದ ಜೀವಿಗೆ ನಮ್ಮ ದೇಶದ ಹೆಸರು.

ಚರ್ಮವೈದ್ಯರು ಮೊದಲು ಟ್ಯೂಬನ್ನು ಕಸದಬುಟ್ಟಿಗೆ ಹಾಕಿಸಿದರು. ಅಂಚಿನ ಸಿಪ್ಪೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹೃದಯದ ತೊಂದರೆ, ಲಿವರ್, ರಕ್ತ ತೆಳುವಾಗಿಸುವ ಮಾತ್ರೆ, ಕೊಲೆಸ್ಟರಾಲಿನ ಮಾತ್ರೆ ಎಲ್ಲ ವಿಚಾರಿಸಿದ ಮೇಲೆಯೇ ಇಟ್ರಕೊನಜೋಲ್ ಬರೆದದ್ದು. "ಕ್ಯಾಪ್ಸೂಲ್ ಊಟ ಆದ ಕೂಡಲೇ. ಅಸಿಡಿಟಿ ಮಾತ್ರೆ ಜೊತೆಗೆ ಬೇಡ, ಹಿಡಿಯುವುದಿಲ್ಲ. ಕ್ರೀಮು ಉಂಗುರದ ಆಚೆಗೂ ಎರಡು ಬೆರಳು ಹಚ್ಚಿ. ಕಲೆ ಹೋಯ್ತು ಅಂತ ನೀವೇ ನಿಲ್ಲಿಸಬೇಡಿ, ನಾನು ಹೇಳುವವರೆಗೆ." ಮನೆಯಲ್ಲಿ ಇನ್ಯಾರಿಗಾದರೂ ಇದೆಯೇ, ಟವೆಲ್ ಬೇರೆಯೇ ಎಂದೂ ಕೇಳಿದರು. ಗರ್ಭಿಣಿಯರಿಗೆ ಈ ಮಾತ್ರೆ ಕೊಡುವುದಿಲ್ಲವಂತೆ.

ಚೀಟಿ ಹಿಡಿದು ಅದೇ ನಂತೂರಿನ ಮೆಡಿಕಲಿಗೆ ಹೋದೆ. ಮಳೆ ಹೊಯ್ಯುತ್ತಲೇ ಇತ್ತು. ಹಣ ಕೊಡುವಾಗ ಸುಮ್ಮನಿರಲಾಗದೆ ಹಾಮೈಸಿನ್ ಇದೆಯಾ ಎಂದು ಕೇಳಿದೆ.

"ಯಾವ ಕಂಪೆನಿದು?" ಎಂದರು.