ಮಷೀನು ಮುಂಗಡ ಕೊಡೋದಿಲ್ಲ

ದೀಪಾವಳಿ ಮುಗೀತಂದ್ರ ಚಡಚಣದಿಂದ ಭೀಮಾ ನದಿ ಕಡೆ ಹೋಗುವ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಟ್ಟೇ ನಡೀಬೇಕು. ಈಗೀಗ ಕಬ್ಬು ಕಡಿಯೋ ದೊಡ್ಡ ಮಷೀನೂ ಹೊಲಕ್ಕೆ ಇಳಿಯುತ್ತಿದೆ. ಗಂಡ-ಹೆಂಡತಿ ಕೂಡಿ ದಿನವಿಡೀ ಬಾಗಿ ಕಡಿದರೆ ಒಂದೂವರೆ, 2 ಟನ್. ಹೊಲ ಸರಿಯಿದ್ದರೆ ಮಷೀನು 100 ಟನ್ ದಾಟಿಸುತ್ತದೆ.

ರೈತರಿಗೂ ಇದು ಬೇಕಾಗಿತ್ತು. ಗ್ಯಾಂಗಿನ ದಾರಿ ಕಾಯುತ್ತ ಕಬ್ಬು ಒಣಗಿ ತೂಕ ಕಳೆದುಕೊಂಡ ಸಂಕಟ ಬೆಳೆದವರಿಗೇ ಗೊತ್ತು. ಆದರೆ ಮಷೀನಿಗೆ ಸಾಲಿನ ನಡುವೆ 4-5 ಅಡಿ ಅಂತರ ಬೇಕು. ಮಲಗಿದ ಕಬ್ಬು, ತುಂಡು ಹೊಲ, ಹಸಿ ಎರೆಭೂಮಿ ಅದಕ್ಕೆ ಒಗ್ಗೂದಿಲ್ಲ. ಅಲ್ಲಿ ಇವತ್ತಿಗೂ ಕೊಯ್ತಾನೇ ಗತಿ. ಮೇಲಾಗಿ ಸೋಗೆಯನ್ನು ಚೂರು ಮಾಡಿ ಹೊಲದಲ್ಲೇ ಚೆಲ್ಲುತ್ತದೆ. ಎಮ್ಮೆ ಕಟ್ಟಿದವರ ಹೊಟ್ಟೆ ಉರೀತೈತಿ!

ಇನ್ನು ಕಡಿಯುವವರು. ವಿಜಯಪುರ ಜಿಲ್ಲೆಯ ತಾಂಡಾಗಳ ಎಷ್ಟೋ ಮನೆಗಳು ಹಂಗಾಮಿನಲ್ಲಿ ಕೀಲಿ ಹಾಕಿ ಮಹಾರಾಷ್ಟ್ರಕ್ಕೆ ಹೋಗುತ್ತವೆ, ದೂರದ ಮಂಡ್ಯಕ್ಕೂ. ಹೊಲದಂಚಿನ ಗುಡಿಸಲು, ನಸುಕಿಗೇ ರೊಟ್ಟಿ ತಟ್ಟಿ ಹೊರಡಬೇಕು, ಕೂಸು ಸೋಗೆಯ ಮೇಲೆ, ದೊಡ್ಡ ಮಕ್ಕಳ ಶಾಲೆ ಬಂದ್. ಇಂಥ ಕೆಲಸ ಹೋದರೆ ಹೋಗಲಿ ಅಂತ ನಾನೂ ಅಂದುಕೊಂಡಿದ್ದೆ.

ಲೆಕ್ಕ ತಪ್ಪಿದ್ದು ಮುಂಗಡದಲ್ಲಿ. ಮುಕಾದಮನ ಭಾಷೆಯಲ್ಲಿ ಗಂಡ-ಹೆಂಡತಿ ಅಂದರೆ ‘ಒಂದು ಕೊಯ್ತಾ’. ಹಂಗಾಮಿಗೆ ಮೊದಲೇ, ಮಳೆಗಾಲದಲ್ಲೇ, ಒಂದು ಕೊಯ್ತಾಕ್ಕೆ ಇಷ್ಟು ಅಂತ ಗಂಟು ದುಡ್ಡು ಕೈಗೆ ಬರುತ್ತದೆ. ಮಗಳ ಮದುವೆ, ಆಸ್ಪತ್ರೆ, ಸೋರುವ ಮನೆಗೆ ಪತ್ರಾಸು, ಎಲ್ಲಾ ಅದರಲ್ಲೇ. ಅದು ಸಾಲ, ಖರೆ. ಕಡಿದು ತೀರದಿದ್ದರೆ ಮರುವರ್ಷವೂ ಅವನ ಹಿಂದೆಯೇ ಹೋಗಬೇಕು. ಆದರೆ ಹೊಲದ ಉತಾರ ಇಲ್ಲದ ಮನೆಗೆ, ಬರೀ ನಾಲ್ಕು ರಟ್ಟೆ ನಂಬಿ ಅಷ್ಟು ದುಡ್ಡು ಒಮ್ಮೆಲೇ ಕೊಡುವ ಬ್ಯಾಂಕ್ ಯಾವುದೈತಿ ಹೇಳಿ? ಸಂಘದ ಸಾಲಕ್ಕೆ ಬೆನ್ನಿಗೇ ಕಂತು ಶುರು. ಉದ್ಯೋಗ ಖಾತ್ರಿ ಕೂಲಿ ಬರೋದು ದುಡಿದ ಮೇಲೆ.

ಮಷೀನು ಕೊಳ್ಳುವವರಿಗೆ ಸರ್ಕಾರದ ಸಹಾಯಧನ ಇದೆ. ಕೊಯ್ತಾ ಕೆಳಗಿಟ್ಟವರ ಹಳೇ ಬಾಕಿಗೆ ಯಾರೂ ಬರೋದಿಲ್ಲ.

ಮಷೀನಿನಿಂದ ಹೊಸ ಕೆಲಸ ಹುಟ್ಟೋದಿಲ್ಲ ಅಂತಲ್ಲ. ಓಡಿಸೋರು, ಕೈಗೆ ಸಹಾಯಕರು, ರಿಪೇರಿಯವರು ಬೇಕು. ಹತ್ತಿ ಕುಂತವರೆಲ್ಲ ಗಂಡುಹುಡುಗರೇ. ಒಂದು ಕೊಯ್ತಾದಲ್ಲಿ ಅರ್ಧ ಹೆಂಗಸಿನದಿತ್ತಲ್ಲ, ಆಕೆಗೀಗ ಮಷೀನು ಬಿಟ್ಟುಹೋದ ತುಂಡು ಆರಿಸುವ ದಿನಗೂಲಿ. ಅದೂ ರೈತ ಕರೆದರೆ.